ಮಗಳನ್ನು ಓಪನ್‌ನಲ್ಲೂ ಆಡಿಸಿ

ಡೊಂಬಿವಲಿಯಿಂದ ಒಬ್ಬ ತಾಯಿ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಇದು:

‘ನನ್ನ ಮಗಳಿಗೆ 11 ವರ್ಷ. ಮೂರು ವರ್ಷದಿಂದ ಚೆಸ್ ಆಡುತ್ತಿದ್ದಾಳೆ. ಹೋದ ತಿಂಗಳು ಒಂದು ಟೂರ್ನಮೆಂಟಿಗೆ, ಹುಡುಗ ಹುಡುಗಿಯರು ಒಟ್ಟಿಗೆ ಆಡುವ ಓಪನ್ ವಿಭಾಗಕ್ಕೆ, ಹೆಸರು ಕೊಡಲು ಹೋದಾಗ ಮೇಜಿನ ಹಿಂದೆ ಕೂತಿದ್ದವರು, “ಓಪನ್ ಯಾಕೆ, ಗರ್ಲ್ಸ್‌ನಲ್ಲಿ ಹಾಕಿ, ಸುಲಭವಾಗಿ ಪ್ರೈಜ್ ಸಿಗುತ್ತೆ” ಎಂದರು. ಮಗಳು ನನ್ನ ಮುಖ ನೋಡಿದಳು. ನಾನು ಗರ್ಲ್ಸ್ ಎಂದೇ ಬರೆಸಿದೆ. ಕಪ್ ಬಂತು. ಲೋಕಲ್‌ನಲ್ಲಿ ವಾಪಸ್ ಬರುವಾಗ ಅವಳು ಕೇಳಿದಳು: “ಅಮ್ಮಾ, ದಿವ್ಯಾ ಗೆದ್ದಿದ್ದೂ ಹುಡುಗಿಯರ ಕಪ್ಪೇ ಅಲ್ವಾ? ಹಾಗಾದರೆ ಅವಳು ನಿಜವಾದ ಗ್ರ್ಯಾಂಡ್‌ಮಾಸ್ಟರಾ?” ನನಗೆ ಉತ್ತರ ಹೇಳಲು ಗೊತ್ತಾಗಲಿಲ್ಲ. ನಿಮ್ಮ ಹಳೇ ಸಂಚಿಕೆ ಹುಡುಕಿದೆ. ದಿವ್ಯಾ ವಿಶ್ವಕಪ್ ಗೆದ್ದಾಗ ನೀವು ಅರ್ಧ ಕಾಲಂ ಹಾಕಿದ್ದಿರಿ. ಗೆದ್ದಳು, ಅತ್ತಳು, ತಾಯಿಯನ್ನು ತಬ್ಬಿಕೊಂಡಳು ಅಂತಷ್ಟೇ ಇತ್ತು. ಅಲ್ಲಿಯವರೆಗೆ ಹೇಗೆ ಬಂದಳು ಅಂತ ಒಂದು ಮಾತೂ ಇರಲಿಲ್ಲ.’

ನಿಮ್ಮ ದೂರು ಸರಿಯಾಗಿದೆ. ಅದು ನಮ್ಮ ತಪ್ಪು. ಈ ಉತ್ತರವನ್ನು ನಿಮಗಿಂತ ಜಾಸ್ತಿ ನಿಮ್ಮ ಮಗಳಿಗೆ ಬರೆಯುತ್ತಿದ್ದೇನೆ. ಅವಳ ಪ್ರಶ್ನೆ ಅಷ್ಟು ಚೆನ್ನಾಗಿದೆ.

ಮೊದಲು ಅದಕ್ಕೇ ಉತ್ತರ: ಹೌದು ಪುಟ್ಟಿ, ದಿವ್ಯಾ ದೇಶ್‌ಮುಖ್ ನಿಜವಾದ ಗ್ರ್ಯಾಂಡ್‌ಮಾಸ್ಟರ್. ಗಂಡಸರಿಗೆ ಯಾವ ಪಟ್ಟವೋ ಅವಳಿಗೂ ಅದೇ ಪಟ್ಟ.

ಆದರೆ ನೀನು ಯಾಕೆ ಗೊಂದಲಕ್ಕೆ ಬಿದ್ದೆ ಅಂತ ನನಗೆ ಅರ್ಥವಾಗುತ್ತದೆ. ಚೆಸ್‌ನಲ್ಲಿ ಎರಡು ಬಗೆಯ ಪಟ್ಟಗಳಿವೆ. ಗ್ರ್ಯಾಂಡ್‌ಮಾಸ್ಟರ್ ಮತ್ತು ಇಂಟರ್‌ನ್ಯಾಷನಲ್ ಮಾಸ್ಟರ್ ಎಲ್ಲರಿಗೂ ತೆರೆದಿರುವ ಪಟ್ಟಗಳು, ಗ್ರ್ಯಾಂಡ್‌ಮಾಸ್ಟರ್ ಎಲ್ಲಕ್ಕಿಂತ ದೊಡ್ಡದು. ಅದರ ಜೊತೆಗೆ ಹೆಂಗಸರಿಗೆ ಮಾತ್ರ ಇರುವ ಪಟ್ಟಗಳಿವೆ, ವುಮನ್ ಗ್ರ್ಯಾಂಡ್‌ಮಾಸ್ಟರ್ ಎನ್ನುವುದು ಅವುಗಳಲ್ಲಿ ದೊಡ್ಡದು. ಗ್ರ್ಯಾಂಡ್‌ಮಾಸ್ಟರ್ ಆಗಲು ಸಾಮಾನ್ಯವಾಗಿ 2500 ರೇಟಿಂಗ್ (ಆಟದ ಬಲ ಅಳೆಯುವ ಅಂಕ) ಮುಟ್ಟಬೇಕು, ಮೂರು ನಾರ್ಮ್ ಗಳಿಸಬೇಕು. ನಾರ್ಮ್ ಅಂದರೆ ಬಲವಾದ ಎದುರಾಳಿಗಳಿರುವ ಒಂದು ಟೂರ್ನಮೆಂಟಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಮಟ್ಟದ ಆಟ ಆಡಿ ತೋರಿಸುವುದು. ವುಮನ್ ಗ್ರ್ಯಾಂಡ್‌ಮಾಸ್ಟರ್‌ಗೆ 2300 ರೇಟಿಂಗ್ ಸಾಕು. ಇಂಟರ್‌ನ್ಯಾಷನಲ್ ಮಾಸ್ಟರ್‌ಗೆ 2400 ಬೇಕು. ಅಂದರೆ ಹೆಸರಲ್ಲಿ ‘ಗ್ರ್ಯಾಂಡ್’ ಇದ್ದರೂ ಮಹಿಳಾ ಪಟ್ಟ ಇಂಟರ್‌ನ್ಯಾಷನಲ್ ಮಾಸ್ಟರ್‌ಗಿಂತ ಒಂದು ಮೆಟ್ಟಿಲು ಕೆಳಗೆ. ದಿವ್ಯಾ 2021ರಲ್ಲಿ ವುಮನ್ ಗ್ರ್ಯಾಂಡ್‌ಮಾಸ್ಟರ್ ಆದಳು, 2023ರಲ್ಲಿ ಇಂಟರ್‌ನ್ಯಾಷನಲ್ ಮಾಸ್ಟರ್ ಆದಳು. ಗ್ರ್ಯಾಂಡ್‌ಮಾಸ್ಟರ್ ಆದದ್ದು 2025ರಲ್ಲಿ.

ಆ ಕೊನೆಯ ಮೆಟ್ಟಿಲನ್ನು ಅವಳು ಹತ್ತಿದ ರೀತಿ ಬೇರೆ. ಮಹಿಳಾ ವಿಶ್ವಕಪ್ ಗೆದ್ದವರಿಗೆ ಗ್ರ್ಯಾಂಡ್‌ಮಾಸ್ಟರ್ ಪಟ್ಟ ನೇರವಾಗಿ ಸಿಗುತ್ತದೆ. ಆ ಕಪ್ ಆಡಲು ಜಾರ್ಜಿಯಾದ ಬಟುಮಿಗೆ ಹೋದಾಗ ಅವಳ ಕೈಯಲ್ಲಿ ಒಂದು ನಾರ್ಮ್ ಕೂಡ ಇರಲಿಲ್ಲ. ವಾಪಸ್ ಬಂದಾಗ ಅವಳು ಭಾರತದ 88ನೇ ಗ್ರ್ಯಾಂಡ್‌ಮಾಸ್ಟರ್. ಇದನ್ನು ಹಿಡಿದುಕೊಂಡು ‘ಅಡ್ಡದಾರಿ’ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವಳ ಎದುರು ಯಾರು ಕೂತಿದ್ದರು ನೋಡಿ. ಅವಳಿಗೆ ಅಲ್ಲಿ ಸಿಕ್ಕಿದ್ದು 15ನೇ ಶ್ರೇಯಾಂಕ. ಎರಡನೇ ಶ್ರೇಯಾಂಕದ ಚೀನಾದ ಝು ಜಿನೆರ್‌ಳನ್ನು ಸೋಲಿಸಿದಳು. ಕ್ವಾರ್ಟರ್ ಫೈನಲ್‌ನಲ್ಲಿ ನಮ್ಮವರೇ ಆದ ದ್ರೋಣವಲ್ಲಿ ಹಾರಿಕಾ. ಸೆಮಿಫೈನಲ್‌ನಲ್ಲಿ ಹಿಂದೆ ಮಹಿಳಾ ವಿಶ್ವ ಚಾಂಪಿಯನ್ ಆಗಿದ್ದ ತಾನ್ ಝೊಂಗ್ಯಿ. ಅಲ್ಲಿ ಗೆದ್ದ ಆಟ 101 ನಡೆಗಳವರೆಗೆ ಎಳೆಯಿತು. ಫೈನಲ್‌ನಲ್ಲಿ ಕೊನೇರು ಹಂಪಿ. ನಾಲ್ವರೂ ಪೂರ್ತಿ ಗ್ರ್ಯಾಂಡ್‌ಮಾಸ್ಟರ್‌ಗಳು. ಹಂಪಿ ಆ ಪಟ್ಟ ಪಡೆದದ್ದು 2002ರಲ್ಲಿ. ದಿವ್ಯಾ ಹುಟ್ಟಿದ್ದು 2005ರ ಡಿಸೆಂಬರ್‌ನಲ್ಲಿ. ತಾನು ಹುಟ್ಟುವ ಮೊದಲೇ ಗ್ರ್ಯಾಂಡ್‌ಮಾಸ್ಟರ್ ಆಗಿದ್ದವರ ಎದುರು ಎರಡು ದಿನ ಡ್ರಾ ಮಾಡಿಕೊಂಡು, ಮೂರನೇ ದಿನ, ಜುಲೈ 28ರಂದು, ಬೇಗ ಮುಗಿಯುವ ರ‍್ಯಾಪಿಡ್ ಆಟದಲ್ಲಿ ಕಪ್ಪು ಕಾಯಿ ಹಿಡಿದು ಗೆದ್ದಳು. 19 ವರ್ಷದ ಹುಡುಗಿ ಆಮೇಲೆ ಅತ್ತಿದ್ದರಲ್ಲಿ ಆಶ್ಚರ್ಯ ಏನಿದೆ?

ಹೇಗೆ ಅಲ್ಲಿಯವರೆಗೆ ಬಂದಳು ಅಂತ ಕೇಳಿದ್ದೀರಿ. ನಾಗಪುರದ ಮನೆ. ಅಪ್ಪ ಅಮ್ಮ ಇಬ್ಬರೂ ಡಾಕ್ಟರ್. ಅಕ್ಕ ಬ್ಯಾಡ್ಮಿಂಟನ್ ಹಿಡಿದಳು, ತಂಗಿ ಐದರ ಆಸುಪಾಸಿನಲ್ಲಿ ಚೆಸ್‌ಗೆ ಬಂದಳು. 2012ರಲ್ಲಿ ಏಳು ವರ್ಷದೊಳಗಿನವರ ರಾಷ್ಟ್ರೀಯ ಚಾಂಪಿಯನ್. ಆಮೇಲೆ 10 ವರ್ಷದೊಳಗಿನ, 12 ವರ್ಷದೊಳಗಿನ ಹುಡುಗಿಯರ ವಿಶ್ವ ಪ್ರಶಸ್ತಿಗಳು. ನಾಗಪುರದಲ್ಲಿ ಅವಳಿಗೆ ಮೊದಲು ಕಲಿಸಿದ ರಾಹುಲ್ ಜೋಶಿ 2020ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ವಿಶ್ವಕಪ್ ಗೆದ್ದು ಊರಿಗೆ ಬಂದಾಗ ಅವಳು ನೆನೆಸಿಕೊಂಡದ್ದು ಅವರನ್ನು. ನಾವು ಅರ್ಧ ಕಾಲಂನಲ್ಲಿ ಬಿಟ್ಟದ್ದು ಇಂಥ ಸಂಗತಿಗಳನ್ನು, ಅದಕ್ಕೇ ನನಗೆ ಬೇಜಾರು.

2022ರಲ್ಲಿ ಮಹಿಳೆಯರ ರಾಷ್ಟ್ರೀಯ ಚಾಂಪಿಯನ್, 2023ರಲ್ಲಿ ಏಷ್ಯಾ ಚಾಂಪಿಯನ್. 2024ರಲ್ಲಿ ಗಾಂಧಿನಗರದಲ್ಲಿ ವಿಶ್ವ ಜೂನಿಯರ್ ಹುಡುಗಿಯರ ಪ್ರಶಸ್ತಿ, 11 ಸುತ್ತಿಗೆ 10 ಅಂಕ. ಅದೇ ವರ್ಷ ಬುಡಾಪೆಸ್ಟ್ ಚೆಸ್ ಒಲಿಂಪಿಯಾಡ್‌ನಲ್ಲಿ ಭಾರತದ ಮಹಿಳಾ ತಂಡ ಮೊದಲ ಸಲ ಚಿನ್ನ ಗೆದ್ದಿತು, ಮೂರನೇ ಬೋರ್ಡ್‌ನಲ್ಲಿ ಕೂತ ದಿವ್ಯಾ 11ಕ್ಕೆ ಒಂಬತ್ತೂವರೆ ಗಳಿಸಿ ತನ್ನದೇ ಚಿನ್ನವನ್ನೂ ತಂದಳು. 2025ರ ಏಪ್ರಿಲ್‌ನಲ್ಲಿ ಪುಣೆಯ ಮಹಿಳಾ ಗ್ರ್ಯಾನ್ ಪ್ರೀ ಟೂರ್ನಮೆಂಟಿನಲ್ಲಿ ಮೂರನೇ ಸ್ಥಾನ. ಅಲ್ಲಿ ಗೆದ್ದದ್ದು ಹಂಪಿ. ಕಲ್ಯಾಣದಿಂದ ರೈಲು ಹತ್ತಿದರೆ ಮೂರು ಗಂಟೆಯೊಳಗೆ ಪುಣೆ. ಇನ್ನೊಮ್ಮೆ ಇಂಥದ್ದು ಹತ್ತಿರದಲ್ಲಿ ನಡೆದರೆ ಶಾಲೆ ಒಂದು ದಿನ ತಪ್ಪಿದರೂ ಪರವಾಗಿಲ್ಲ, ಮಗಳನ್ನು ಕರೆದುಕೊಂಡು ಹೋಗಿ. ಅಷ್ಟು ಹೊತ್ತು ಸುಮ್ನೆ ಕೂತು ಯೋಚಿಸುವುದನ್ನು ಕಣ್ಣಾರೆ ನೋಡಬೇಕು.

ಈಗ ನಿಮ್ಮ ನಿಜವಾದ ಸಂಕಟಕ್ಕೆ ಬರುತ್ತೇನೆ. ಗರ್ಲ್ಸ್ ಬರೆಸಬೇಕೋ, ಓಪನ್ ಬರೆಸಬೇಕೋ?

ಈ ಪ್ರಶ್ನೆ ಹುಟ್ಟಿದ್ದೂ ನಮ್ಮ ಮುಂಬಯಿಯಲ್ಲೇ ಅಂದರೆ ತಪ್ಪಾಗಲಿಕ್ಕಿಲ್ಲ. ಇಲ್ಲಿ ಖಾಡಿಲ್ಕರ್ ಅಂತ ಮೂವರು ಅಕ್ಕತಂಗಿಯರಿದ್ದರು: ವಾಸಂತಿ, ಜಯಶ್ರೀ, ರೋಹಿಣಿ. ತಂದೆ ಮರಾಠಿ ದಿನಪತ್ರಿಕೆ ‘ನವಾಕಾಳ’ದ ಸಂಪಾದಕರು. ಭಾರತದ ಮೊದಲ ಮಹಿಳಾ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆದದ್ದು 1974ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಗೆದ್ದದ್ದು ವಾಸಂತಿ. ಆಮೇಲಿನ ಹತ್ತು ವರ್ಷ ಆ ಪ್ರಶಸ್ತಿ ಹೆಚ್ಚಾಗಿ ಈ ಮೂವರ ಮನೆಯಲ್ಲೇ ಉಳಿಯಿತು. ಎಲ್ಲರಿಗಿಂತ ಚಿಕ್ಕವಳು ರೋಹಿಣಿ 1976ರಲ್ಲಿ, 13ನೇ ವಯಸ್ಸಿನಲ್ಲಿ, ಗಂಡಸರ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಹೋಗಿ ಕೂತಳು. ಅದುವರೆಗೆ ಭಾರತದಲ್ಲಿ ಯಾವ ಹೆಣ್ಣುಮಗಳೂ ಅಲ್ಲಿ ಕೂತಿರಲಿಲ್ಲ. ದೊಡ್ಡ ಗಲಾಟೆ ಆಯಿತು. ವಿಷಯ ಹೈಕೋರ್ಟ್‌ವರೆಗೆ ಹೋಯಿತು. ಕೊನೆಗೆ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ಆಗಿನ ಅಧ್ಯಕ್ಷ ಮ್ಯಾಕ್ಸ್ ಯೂವೆ, ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳಿಂದ ಹೆಣ್ಣುಮಕ್ಕಳನ್ನು ಹೊರಗಿಡುವ ಹಾಗಿಲ್ಲ ಎಂದು ತೀರ್ಪು ಕೊಟ್ಟರು.

ನಿಮ್ಮ ಮಗಳಿಗಿಂತ ಎರಡೇ ವರ್ಷ ದೊಡ್ಡ ಹುಡುಗಿ, ಇದೇ ಊರಿನವಳು, ಸುಮಾರು 50 ವರ್ಷದ ಹಿಂದೆ ಆ ಕುರ್ಚಿಯನ್ನು ಗೆದ್ದುಕೊಟ್ಟಿದ್ದಾಳೆ. ಈಗ ಹೆಸರು ಬರೆದುಕೊಳ್ಳುವವರು ‘ಓಪನ್ ಯಾಕೆ’ ಅಂತ ಕೇಳಿದರೆ ನಾವು ತಲೆ ತಗ್ಗಿಸಿ ಬೇರೆ ಹಾಳೆಯಲ್ಲಿ ಹೆಸರು ಬರೆಸುತ್ತೇವೆ. ನಿಮ್ಮನ್ನು ಬೈಯುತ್ತಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಮಗಳ ಕೈಗೆ ಕಪ್ ಬರಲಿ ಅಂತ ಅದನ್ನೇ ಮಾಡುತ್ತಿದ್ದೆನೋ ಏನೋ. ಆದರೆ ಇನ್ನು ಮುಂದೆ ಹಾಗೆ ಮಾಡಬೇಡಿ.

ಗರ್ಲ್ಸ್ ವಿಭಾಗ ಬೇಡ ಅಂತ ನಾನು ಹೇಳುತ್ತಿಲ್ಲ. ದಿವ್ಯಾ ಬೆಳೆದದ್ದೇ ಹುಡುಗಿಯರ ಪ್ರಶಸ್ತಿಗಳ ಮೇಲೆ. ಆ ವಿಭಾಗಗಳಿಂದ ಬಹುಮಾನದ ಹಣ ಬರುತ್ತದೆ, ಪ್ರಯಾಣಕ್ಕೆ ದಾರಿಯಾಗುತ್ತದೆ, ಜೊತೆಗೆ ಆಡುವ ಗೆಳತಿಯರು ಸಿಗುತ್ತಾರೆ. ಇಡೀ ಹಾಲ್‌ನಲ್ಲಿ ಒಬ್ಬಳೇ ಹುಡುಗಿಯಾಗಿ ಕೂರುವುದು 11 ವರ್ಷದ ಮಗುವಿಗೆ ಸುಲಭವಲ್ಲ. ನಮ್ಮ ದಕ್ಷಿಣ ಕನ್ನಡದ ಇಶಾ ಶರ್ಮಾ ಕರ್ನಾಟಕದ ಮೊದಲ ವುಮನ್ ಗ್ರ್ಯಾಂಡ್‌ಮಾಸ್ಟರ್ ಆದಾಗ ಇಲ್ಲಿನ ಕರಾವಳಿ ಮನೆಗಳಲ್ಲಿ ಎಷ್ಟು ಖುಷಿಪಟ್ಟೆವು! ಆ ಪಟ್ಟ ಇರದಿದ್ದರೆ ಆ ಸುದ್ದಿಯೂ ಇರುತ್ತಿರಲಿಲ್ಲ. ನನ್ನ ತಕರಾರು ಒಂದೇ. ಗರ್ಲ್ಸ್‌ನಲ್ಲಿ ಮಾತ್ರ ಆಡಿದರೆ ಮಗು ಎದುರಿಸುವ ಆಟಗಾರರ ಸಂಖ್ಯೆ ಚಿಕ್ಕದಾಗುತ್ತದೆ. ಅದೇ ಹತ್ತು ಮುಖ, ಆಟ ಶುರುಮಾಡುವ ಅದೇ ಹತ್ತು ಬಗೆ. ಚೆಸ್ ಬೆಳೆಯುವುದು ನಮಗಿಂತ ಬಲವಾದವರ ಎದುರು ಸೋತು. ಬಲವಾದವರು ಯಾವ ಕೋಣೆಯಲ್ಲಿದ್ದಾರೋ ಆ ಕೋಣೆಗೆ ಹೋಗಬೇಕು. ಭಾರತದ ಮೊದಲ 88 ಗ್ರ್ಯಾಂಡ್‌ಮಾಸ್ಟರ್‌ಗಳಲ್ಲಿ ಹೆಂಗಸರು ನಾಲ್ಕೇ ಜನ: ಹಂಪಿ, ಹಾರಿಕಾ, ವೈಶಾಲಿ, ದಿವ್ಯಾ. ಎಂಟನೇ ವಯಸ್ಸಿನಲ್ಲೇ, ಹತ್ತನೇ ವಯಸ್ಸಿನಲ್ಲೇ ‘ನಿನಗೆ ಆ ಕೋಣೆ ಬೇಡ’ ಅಂತ ಹೇಳಿ ಕಳಿಸಿದ ಹುಡುಗಿಯರೆಷ್ಟೋ.

ಆ ಕೋಣೆಯಲ್ಲಿ ಎಲ್ಲವೂ ಚೆನ್ನಾಗಿರುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. 2024ರ ಜನವರಿಯಲ್ಲಿ ದಿವ್ಯಾ ನೆದರ್‌ಲೆಂಡ್ಸ್‌ನ ವೈಕ್ ಆನ್ ಝೇಯಲ್ಲಿ ಗಂಡಸರೂ ಹೆಂಗಸರೂ ಸೇರಿ ಆಡುವ ಟೂರ್ನಮೆಂಟಿನಲ್ಲಿ ಆಡಿದಳು. ಮುಗಿದ ಮೇಲೆ ಇನ್‌ಸ್ಟಾಗ್ರಾಂನಲ್ಲಿ ಬಿಚ್ಚಿ ಬರೆದಳು: ನೋಡುವವರು ತನ್ನ ಆಟ ಬಿಟ್ಟು ಬಟ್ಟೆ, ಕೂದಲು, ಮಾತಿನ ಧಾಟಿಯ ಬಗ್ಗೆ ಮಾತಾಡುತ್ತಾರೆ ಅಂತ. ಆಗ ಅವಳಿಗೆ 18. ಅದನ್ನು ಓದಿ ನನಗೆ ನಿದ್ದೆ ಬರಲಿಲ್ಲ. ಇಷ್ಟು ಆಡುವ ಹುಡುಗಿಯನ್ನೂ ಜನ ಹೀಗೆ ನೋಡುತ್ತಾರಾ? ಅವಳು ಬರೆದದ್ದರಿಂದ ಬೇರೆ ಹುಡುಗಿಯರಿಗೂ ಬಾಯಿ ಬಂತು. ಅವಳ ಗೆಲುವುಗಳ ಪಟ್ಟಿಯ ಜೊತೆಗೇ ಇದನ್ನೂ ಇಡಬೇಕು ಅಂತ ನನಗನ್ನಿಸುತ್ತದೆ. ಅದಾದ ಐದು ತಿಂಗಳಿಗೆ ಅವಳು ವಿಶ್ವ ಜೂನಿಯರ್ ಗೆದ್ದಳು.

ಮತ್ತೆ ಗೋವಾ. 2025ರ ಕೊನೆಗೆ ಓಪನ್ ವಿಶ್ವಕಪ್ ಅಲ್ಲಿ ನಡೆಯಿತು. 206 ಆಟಗಾರರು. ಅದರಲ್ಲಿ ಹೆಣ್ಣುಮಗಳು ಒಬ್ಬಳೇ, ದಿವ್ಯಾ. ಮೊದಲ ಸುತ್ತಿನಲ್ಲೇ ಗ್ರೀಸ್‌ನ ಗ್ರ್ಯಾಂಡ್‌ಮಾಸ್ಟರ್ ಒಬ್ಬರ ಎದುರು ಸೋತು ಹೊರಬಿದ್ದಳು. ಬಟುಮಿಯ ಕಪ್ ಕೈಗೆ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಅವಳು ಬೇಕಿದ್ದರೆ ಹೋಗದೇ ಇರಬಹುದಿತ್ತು. ಚಾಂಪಿಯನ್ ಅನ್ನಿಸಿಕೊಂಡು ಆರಾಮಾಗಿ ಕೂರಬಹುದಿತ್ತು. ಹೋದಳು, ಕೂತಳು, ಸೋತಳು. ನಿಮ್ಮ ಮಗಳಿಗೆ ಬಟುಮಿಯ ಕಥೆ ಹೇಳುವ ದಿನವೇ ಗೋವಾದ್ದನ್ನೂ ಹೇಳಿ.

ಇನ್ನು ಮಾಡಬೇಕಾದ ಕೆಲಸ. ಮುಂದಿನ ಸಲ ಓಪನ್ ರೇಟಿಂಗ್ ಟೂರ್ನಮೆಂಟಿಗೆ ಹೆಸರು ಕೊಡಿ. ಬಹಳಷ್ಟು ಕಡೆ ಓಪನ್‌ನಲ್ಲೇ ಹುಡುಗಿಯರಿಗೆ ಪ್ರತ್ಯೇಕ ಬಹುಮಾನ ಇರುತ್ತದೆ, ಕಪ್‌ನ ಆಸೆ ಇದ್ದರೆ ಅಲ್ಲಿಯೂ ಇದೆ. ಮೊದಲ ರೇಟಿಂಗ್ ಬರಲು ರೇಟಿಂಗ್ ಇರುವ ಆಟಗಾರರ ಎದುರು ಕನಿಷ್ಠ ಐದು ಆಟ ಆಡಿರಬೇಕು, 2024ರಿಂದ ಪಟ್ಟಿ 1400ರಿಂದ ಶುರುವಾಗುತ್ತದೆ. ಹಾಗಾಗಿ ಮೊದಲ ಒಂದೆರಡು ಟೂರ್ನಮೆಂಟಿನಲ್ಲಿ ರೇಟಿಂಗ್ ಬರಲಿಲ್ಲ ಅಂತ ಗಾಬರಿ ಬೀಳಬೇಡಿ. ಆಟ ಮುಗಿಸಿ ಬಾಗಿಲಲ್ಲಿ ಬಂದಾಗ ‘ಗೆದ್ಯಾ, ಸೋತ್ಯಾ’ ಅಂತ ಕೇಳಬೇಡಿ. ಮೊದಲು ತಿನ್ನಲು ಏನಾದರೂ ಕೊಡಿ. ನಡೆಗಳನ್ನು ಬರೆದುಕೊಂಡ ನೋಟೇಶನ್ ಹಾಳೆಯನ್ನು ಅವಳಾಗಿಯೇ ತೆಗೆಯಲಿ. ಮೊಬೈಲ್‌ನ ಚೆಸ್ ಇಂಜಿನ್‌ಗೆ (ಆಟ ಪರೀಕ್ಷಿಸುವ ಸಾಫ್ಟ್‌ವೇರ್‌ಗೆ) ಹಾಕುವ ಮೊದಲು, ಎಲ್ಲಿ ಕೈ ತಪ್ಪಿತು ಅಂತ ಬೋರ್ಡ್ ಮುಂದೆ ಅವಳೇ ಹುಡುಕಲಿ.

ನಾನು ಚೆಸ್ ಕಲಿತದ್ದು ಮಾಟುಂಗಾದಲ್ಲಿ, ಹೋಟೆಲ್ ಕೆಲಸಕ್ಕೆ ಬಂದಿದ್ದ ಸೋದರಮಾವನ ಖೋಲಿಯಲ್ಲಿ. ಅವನು ಕ್ವೀನ್‌ಗೆ ಮಂತ್ರಿ ಅನ್ನುತ್ತಿದ್ದ. ಪಕ್ಕದ ಮರಾಠಿ ಹುಡುಗರು ವಜೀರ್ ಅನ್ನುತ್ತಿದ್ದರು. ಬೋರ್ಡ್ ಮೇಲಿನ ಎಲ್ಲರಿಗಿಂತ ಬಲವಾದ ಕಾಯಿ ಹೆಣ್ಣು ಅಂತ ನನಗೆ ಗೊತ್ತಾಗಿದ್ದು ಶಾಲೆಯಲ್ಲಿ, ಇಂಗ್ಲಿಷ್ ಹೆಸರು ಕಲಿತ ಮೇಲೆ. ನಿಮ್ಮ ಮಗಳು ಅದನ್ನು ಮನೆಯಲ್ಲಿ ಏನಂತ ಕರೆಯುತ್ತಾಳೆ?

ಅವಳು ಓಪನ್‌ನಲ್ಲಿ ಆಡಿದ ಮೊದಲ ಟೂರ್ನಮೆಂಟಿನ ಒಂದು ಆಟವನ್ನು ನಮಗೆ ಬರೆದು ಕಳಿಸಲಿ. ನಡೆಗಳ ಪಕ್ಕದಲ್ಲಿ, ಆಗ ಏನು ಯೋಚಿಸಿದೆ ಅಂತ ಅವಳದೇ ಕನ್ನಡದಲ್ಲಿ ಬರೆಯಲಿ. ಸೋತ ಆಟವಾದರೂ ಆಯಿತು. ಈ ಸಲ ಅರ್ಧ ಕಾಲಂ ಅಲ್ಲ, ಪೂರ್ತಿ ಪುಟ ತೆಗೆದಿಡುತ್ತೇನೆ.

— ಸಂಪಾದಕ