ಕ್ಯಾಮೆರಾದ ಗಾಜಿನೊಳಗೆ ಮಂಜು

ಕಾರವಾರದ ಬೈತಖೋಲ್ ಬಂದರಿನಲ್ಲಿ ದಿನವಿಡೀ ವಿಡಿಯೊ ತೆಗೆಯಲು ಎದೆಗೆ ಸಿಕ್ಕಿಸಿದ ಕ್ಯಾಮೆರಾ ಸ್ವಲ್ಪ ಹೊತ್ತಿಗೇ ಮಸುಕಾಗುತ್ತದೆ ಎಂದಿದ್ದೀರಿ. ಒಳಗೆ ಸಿಕ್ಕಿಕೊಂಡ ತೇವದ ಗಾಳಿಯೇ ಕಾರಣವಿರಬೇಕು. ಎಡೆಬಿಡದೆ ಚಿತ್ರೀಕರಿಸುವಾಗ ಕ್ಯಾಮೆರಾದ ಒಡಲು ಬಿಸಿಯಾಗುತ್ತದೆ, ಕಡಲ ಗಾಳಿಗೆ ಮುಂದಿನ ಗಾಜು ತಂಪಾಗಿಯೇ ಇರುತ್ತದೆ, ಆವಿ ಅಲ್ಲಿ ಹನಿಗಟ್ಟುತ್ತದೆ.

ಮೊದಲು ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ನೋಡಿ. ಮಸುಕು ಹೋದರೆ ಅದು ಹೊರಗಿನದು. ಎಸಿ ಕೋಣೆಯಿಂದ ನೇರವಾಗಿ ತಂದಿದ್ದರೆ ಹಾಗಾಗುತ್ತದೆ, ಹೊರಡುವ ಮೊದಲು ಜಗಲಿಯಲ್ಲಿ ಕೊಂಚ ಹೊತ್ತು ಇಡಿ. ಒರೆಸಿದರೂ ಮಸುಕು ಹೋಗದಿದ್ದರೆ ಬ್ಯಾಟರಿ, ಮೆಮೊರಿ ಕಾರ್ಡ್ ತೆಗೆದು, ಮುಚ್ಚಳ ತೆರೆದು, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ರಾತ್ರಿಯಿಡೀ ಇರಿಸಿ. ಅಕ್ಕಿಯಲ್ಲಿ ಹುಗಿಯಬೇಡಿ, ಧೂಳು ಸೇರುತ್ತದೆ. ಮುಚ್ಚಳದ ರಬ್ಬರ್ ಅಂಚನ್ನು ಬೆಳಕಿಗೆ ಹಿಡಿದು ನೋಡಿ: ಒಂದು ಉಪ್ಪಿನ ಹರಳು, ಒಂದು ಮೀನಿನ ಹುರುಪೆ ಸಿಕ್ಕಿದ್ದರೂ ತೇವ ನುಗ್ಗುತ್ತದೆ. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿಯೇ ಮುಚ್ಚಿ.

ದಿನವಿಡೀ ವಿಡಿಯೊ ಬೇಕೇ ಬೇಕೇ? 30 ಸೆಕೆಂಡಿಗೊಂದು ಚಿತ್ರ ಸಾಕೆನಿಸಿದರೆ ಬಿಸಿ ಕಡಿಮೆಯಾಗುತ್ತದೆ, ಬ್ಯಾಟರಿಯೂ ಬಾಳುತ್ತದೆ. ಮೀನು ಮಾರುವ ಅಕ್ಕಂದಿರ ಮಾತೂ ದಾಖಲಾಗುವುದಿಲ್ಲ. ಆದರೂ ಅವರನ್ನು ಕೇಳಿಯೇ ಚಿತ್ರ ತೆಗೆಯಿರಿ.

ಒಣಗಿದ ಮೇಲೂ ಒಳಗೆ ಬಿಳಿ ಕಲೆ ಉಳಿದರೆ ಉಪ್ಪುನೀರು ಹೊಕ್ಕಿರಬಹುದು, ನೋಡದೆ ಖಚಿತವಾಗಿ ಹೇಳಲಾರೆ. ಆಗ ಆನ್ ಮಾಡದೆ ರಿಪೇರಿಗೆ ಕೊಡಿ.