ಎ.ಸಿ. ಇಲ್ಲದ ಕೋಣೆಯಲ್ಲಿ ಓವರ್‌ಕ್ಲಾಕ್: ಮದರ್‌ಬೋರ್ಡ್ ಯಾವುದು, ಕೂಲರ್ ಯಾವುದು?

ಮುಂಬೈ ಬಳಿಯ ಡೊಂಬಿವಲಿಯ ಮೇಲಿನ ಮಹಡಿಯ ಮನೆ, ಎ.ಸಿ. ಇಲ್ಲದ ಕೋಣೆ, ವಿಡಿಯೋ ಎಡಿಟಿಂಗ್ ಮತ್ತು ಆಟ ಎರಡಕ್ಕೂ ಒಂದೇ ಡೆಸ್ಕ್‌ಟಾಪ್. ಇಂಟೆಲ್ ಐ7-14700ಕೆ ಅಥವಾ ಎಎಂಡಿ ರೈಜನ್ 7 7700ಎಕ್ಸ್ ಪ್ರೊಸೆಸರ್ ತೆಗೆದುಕೊಂಡು ಓವರ್‌ಕ್ಲಾಕ್ ಮಾಡುವ, ಅಂದರೆ ತಯಾರಕರು ಇಟ್ಟ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವ ಆಸೆ. ಇದಕ್ಕೆ ಯಾವ ಮದರ್‌ಬೋರ್ಡ್ ಒಳ್ಳೆಯದು, 360 ಮಿ.ಮೀ. ಲಿಕ್ವಿಡ್ ಕೂಲರ್ ಬೇಕೇ ಎಂದು ಕೇಳಿದ್ದೀರಿ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಕೋಣೆಗೆ 7700ಎಕ್ಸ್, ಗಟ್ಟಿಯಾದ ವಿಆರ್‌ಎಂ (ಪ್ರೊಸೆಸರಿಗೆ ವಿದ್ಯುತ್ ಹದಮಾಡಿ ಕೊಡುವ ಭಾಗ) ಇರುವ ಬಿ650 ಚಿಪ್‌ಸೆಟ್ಟಿನ ಬೋರ್ಡ್, ಎರಡು ಗೋಪುರಗಳ ಏರ್ ಕೂಲರ್ ಮತ್ತು ಮುಂಭಾಗದಲ್ಲಿ ಜಾಲರಿ ಇರುವ ಕ್ಯಾಬಿನೆಟ್ ಸಾಕು. ಲಿಕ್ವಿಡ್ ಕೂಲರ್‌ಗೆ ಎತ್ತಿಟ್ಟ ಹಣವನ್ನು ಬೋರ್ಡಿಗೂ ಕ್ಯಾಬಿನೆಟ್ಟಿಗೂ ಹಾಕಿ.

ಏರ್ ಕೂಲರ್ ಆಗಲಿ, ಲಿಕ್ವಿಡ್ ಕೂಲರ್ ಆಗಲಿ, ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಗಾಳಿಗಿಂತ ಎಷ್ಟು ಡಿಗ್ರಿ ಮೇಲೆ ಹಿಡಿದು ನಿಲ್ಲಿಸಬಲ್ಲದು ಎಂಬುದಷ್ಟೇ ಅದರ ಸಾಮರ್ಥ್ಯ. 22 ಡಿಗ್ರಿಯ ಕೋಣೆಯಲ್ಲಿ ಕುಳಿತು ವಿಮರ್ಶಕರೊಬ್ಬರು 75 ಡಿಗ್ರಿ ಎಂದು ತೋರಿಸುವ ಅದೇ ಕೂಲರ್, ಮೇ ತಿಂಗಳ ಮಧ್ಯಾಹ್ನ 34 ಡಿಗ್ರಿ ಇರುವ ನಿಮ್ಮ ಕೋಣೆಯಲ್ಲಿ 87ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇದರ ಮೇಲೆ, ಗ್ರಾಫಿಕ್ಸ್ ಕಾರ್ಡೂ ಸೇರಿ 400 ವ್ಯಾಟ್ ಎಳೆಯುವ ಯಂತ್ರವು ಅಷ್ಟನ್ನೂ ಶಾಖವಾಗಿ ಕೋಣೆಗೇ ಸುರಿಯುತ್ತದೆ, ರೇಡಿಯೇಟರ್ ದೊಡ್ಡದಾದ ಮಾತ್ರಕ್ಕೆ ಆ ಶಾಖ ಕಿಟಕಿ ದಾಟಿ ಹೋಗುವುದಿಲ್ಲ. ನಮ್ಮ ಊರಿನಲ್ಲಿ ಪ್ರೊಸೆಸರ್ ಆರಿಸುವಾಗ ಅದು ಎಷ್ಟು ವ್ಯಾಟ್ ತಿನ್ನುತ್ತದೆ ಎಂಬುದನ್ನು ಮೊದಲು ನೋಡಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ. 7700ಎಕ್ಸ್ ತನ್ನ ಮೂಲ ಮಿತಿಯಲ್ಲಿ 142 ವ್ಯಾಟ್ ದಾಟುವುದಿಲ್ಲ. 14700ಕೆಗೆ ಇಂಟೆಲ್ ಕೊಟ್ಟಿರುವ ಗರಿಷ್ಠ ಟರ್ಬೊ ಮಿತಿಯೇ 253 ವ್ಯಾಟ್.

ಓವರ್‌ಕ್ಲಾಕ್ ಮಾಡಿದಾಗ ಈ ಲೆಕ್ಕ ಇನ್ನಷ್ಟು ಕೆಡುತ್ತದೆ. ಚಿಪ್ಪಿನ ವಿದ್ಯುತ್ ಬಳಕೆಯು ವೇಗಕ್ಕೆ ನೇರ ಅನುಪಾತದಲ್ಲಿ ಏರಿದರೆ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. 5.0 ಗಿಗಾಹರ್ಟ್ಸ್‌ನಿಂದ 5.3ಕ್ಕೆ ಹೋಗಲು ವೋಲ್ಟೇಜನ್ನು 1.20ರಿಂದ 1.35ಕ್ಕೆ ಏರಿಸಬೇಕಾಯಿತು ಎಂದಿಟ್ಟುಕೊಳ್ಳಿ. ಆಗ ದಕ್ಕುವ ವೇಗ ಶೇ. 6, ತೆರುವ ವಿದ್ಯುತ್ತು ಸುಮಾರು ಶೇ. 34 ಹೆಚ್ಚು. ಸೆಖೆಯ ಊರಿನಲ್ಲಿ ಇದು ಗಿಟ್ಟುವ ವ್ಯಾಪಾರವಲ್ಲ.

ಇನ್ನು ಮದರ್‌ಬೋರ್ಡ್. ಚಿಪ್‌ಸೆಟ್, ಅಂದರೆ ಬೋರ್ಡ್ ಏನೇನಕ್ಕೆ ಅವಕಾಶ ಕೊಡುತ್ತದೆಂದು ತೀರ್ಮಾನಿಸುವ ಚಿಪ್ಪಿನ ವಿಚಾರ ಸರಳ: ಇಂಟೆಲ್‌ನಲ್ಲಿ ಪ್ರೊಸೆಸರಿನ ಮಲ್ಟಿಪ್ಲೈಯರ್ (ವೇಗ ನಿರ್ಧರಿಸುವ ಗುಣಕ) ಏರಿಸಲು ಝಡ್690 ಅಥವಾ ಝಡ್790 ಬೇಕು, ಬಿ760ರಲ್ಲಿ ರ‍್ಯಾಮ್ ವೇಗವನ್ನಷ್ಟೇ ಏರಿಸಬಹುದು. ಎಎಂಡಿಯಲ್ಲಿ ಬಿ650 ಸಾಕು, ಎ620 ಬೇಡ. ನಿಜವಾಗಿ ತೂಗಿ ನೋಡಬೇಕಾದದ್ದು ಸಾಕೆಟ್ಟಿನ ಸುತ್ತ ಕುಳಿತಿರುವ ವಿಆರ್‌ಎಂ, ಅಂದರೆ ಎಸ್‌ಎಂಪಿಎಸ್‌ನಿಂದ (ಪವರ್ ಸಪ್ಲೈ) ಬರುವ 12 ವೋಲ್ಟನ್ನು ಚಿಪ್ಪಿಗೆ ಬೇಕಾದ ಒಂದೂಕಾಲು ವೋಲ್ಟಿನ ಆಸುಪಾಸಿಗೆ ಇಳಿಸುವ ಭಾಗ. 253 ವ್ಯಾಟನ್ನು 1.3 ವೋಲ್ಟಿನಲ್ಲಿ ಕೊಡಬೇಕೆಂದರೆ ಸುಮಾರು 195 ಆಂಪಿಯರ್ ಹರಿಯಬೇಕು. ಅದನ್ನು ವಿಆರ್‌ಎಂನೊಳಗಿನ 6 ಫೇಸ್‌ಗಳು (ಹೊರೆ ಹೊರುವ ಒಂದೇ ಬಗೆಯ ಸರ್ಕ್ಯೂಟುಗಳು) ಹಂಚಿಕೊಂಡರೆ ಒಂದೊಂದಕ್ಕೆ 32 ಆಂಪಿಯರಿನ ಮೇಲೆ, 12 ಹಂಚಿಕೊಂಡರೆ 16ರಷ್ಟು. ವಾಹಕದಲ್ಲಿ ಹುಟ್ಟುವ ಶಾಖ ಆಂಪಿಯರಿನ ವರ್ಗದಂತೆ ಏರುವುದರಿಂದ, ಫೇಸ್‌ಗಳು ಇಮ್ಮಡಿಯಾದಾಗ ಆ ಬಗೆಯ ಒಟ್ಟು ಶಾಖ ಅರ್ಧಕ್ಕಿಳಿಯುತ್ತದೆ. ಆದರೆ ಪೆಟ್ಟಿಗೆಯ ಮೇಲೆ ಬರೆದ ಫೇಸ್ ಸಂಖ್ಯೆಯೊಂದನ್ನೇ ನಂಬಬೇಡಿ. ಹೀಟ್‌ಸಿಂಕ್ ನಿಜಕ್ಕೂ ಲೋಹದ ತೂಕವುಳ್ಳದ್ದೋ, ಗಾಳಿ ಹಾಯುವ ತೆಳು ಪಟ್ಟಿಗಳಿರುವುದೋ, ಅಥವಾ ಮೇಲೆ ಪ್ಲಾಸ್ಟಿಕ್ ಹೊದಿಸಿ ಲೈಟು ಹಾಕಿದ್ದೋ ಎಂದು ಫೋಟೋದಲ್ಲಿ ಹಿಗ್ಗಿಸಿ ನೋಡಿ. ಲೈಟಿಗೆ ಕೊಡುವ ಹಣದ ಬಗ್ಗೆ ನನಗೆ ವೈಯಕ್ತಿಕವಾಗಿ ತೀರಾ ಕಡಿಮೆ ಸಹಾನುಭೂತಿ ಇದೆ.

ಮಾಟುಂಗಾದ ಪರಿಚಿತರೊಬ್ಬರ ಯಂತ್ರದಲ್ಲಿ ಇದನ್ನು ಕಣ್ಣಾರೆ ಕಂಡೆ. ಅಗ್ಗದ ಬೋರ್ಡು, ಅದರ ಮೇಲೆ ದುಬಾರಿ ಲಿಕ್ವಿಡ್ ಕೂಲರ್. ತಾಪಮಾನ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೆರೆದು ನೋಡಿದರೆ ಪ್ರೊಸೆಸರ್ 76 ಡಿಗ್ರಿಯಲ್ಲಿ ನೆಮ್ಮದಿಯಾಗಿತ್ತು, ಆದರೆ ರೆಂಡರ್ ಶುರುವಾದ ಸ್ವಲ್ಪ ಹೊತ್ತಿಗೆ ವೇಗ ಮಾತ್ರ ಕುಸಿಯುತ್ತಿತ್ತು. ಅದೇ ಪರದೆಯ ಕೆಳಗೆ ವಿಆರ್‌ಎಂ ತಾಪಮಾನ 110ರ ಮೇಲೆ ಕುಳಿತಿತ್ತು. ಏರ್ ಕೂಲರ್ ಇದ್ದಿದ್ದರೆ ಅದರ ಫ್ಯಾನಿನ ಗಾಳಿ ಪಕ್ಕದ ಹೀಟ್‌ಸಿಂಕನ್ನೂ ಸವರಿಕೊಂಡು ಹೋಗುತ್ತಿತ್ತು. ಲಿಕ್ವಿಡ್ ಕೂಲರ್‌ನಲ್ಲಿ ಸಾಕೆಟ್ಟಿನ ಮೇಲೆ ಕೂರುವುದು ಬರೀ ಪಂಪು, ಅಲ್ಲಿ ಗಾಳಿಯೇ ಆಡುವುದಿಲ್ಲ. ಹಿಂಬದಿಗೊಂದು ಎಕ್ಸಾಸ್ಟ್ ಫ್ಯಾನ್ ಜೋಡಿಸಿದ ಮೇಲೆ ತೊಂದರೆ ಬಹುಮಟ್ಟಿಗೆ ತಗ್ಗಿತು.

7700ಎಕ್ಸ್‌ನ ಒಂದು ಗುಣವನ್ನು ಮೊದಲೇ ತಿಳಿದಿರಿ. ಭಾರವಾದ ಕೆಲಸದಲ್ಲಿ ಅದು 95 ಡಿಗ್ರಿ ಮುಟ್ಟುವಂತೆಯೇ ಎಎಂಡಿ ಅದನ್ನು ರೂಪಿಸಿದೆ. ಕೋರ್‌ಗಳೆಲ್ಲ ಇರುವ ಸಣ್ಣ ಸಿಲಿಕಾನ್ ತುಣುಕಾದ ಚಿಪ್ಲೆಟ್ ಒಂದರಿಂದ ದಪ್ಪ ಲೋಹದ ಮುಚ್ಚಳದ ಮೂಲಕ ಶಾಖ ಹೊರಬರಬೇಕಾದ್ದರಿಂದ ದೊಡ್ಡ ರೇಡಿಯೇಟರ್ ಹಾಕಿದರೂ ನೀವೆಣಿಸಿದಷ್ಟು ಇಳಿಯುವುದಿಲ್ಲ. ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಎಎಂಡಿಯ ಓವರ್‌ಕ್ಲಾಕ್ ಸೌಲಭ್ಯವಾದ ಪಿಬಿಒ ತೆರೆದು, ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಸರನ್ನು ಮೈನಸ್ 15ರಿಂದ ಆರಂಭಿಸಿ, ತಾಪಮಾನದ ಮಿತಿಯನ್ನು 85ಕ್ಕೆ ಕಟ್ಟಿಹಾಕುವುದು ಹೆಚ್ಚು ಫಲ ಕೊಡುತ್ತದೆ: ವೋಲ್ಟೇಜ್ ಇಳಿಯುತ್ತದೆ, ವೇಗ ಬಹುತೇಕ ಹಾಗೆಯೇ ಉಳಿಯುತ್ತದೆ, ಎಷ್ಟೋ ಸಲ ಕೊಂಚ ಏರುತ್ತದೆ. ವೇಗ ಅಳೆಯುವ ಸಿನೆಬೆಂಚ್ ಹತ್ತು ನಿಮಿಷ ಓಡಿತೆಂದು ಸಮಾಧಾನಪಡಬೇಡಿ. ಕರ್ವ್ ಆಪ್ಟಿಮೈಸರಿನ ದೋಷಗಳು ಯಂತ್ರ ಸುಮ್ಮನೆ ಕುಳಿತಿರುವಾಗಲೋ ಒಂದೇ ಕೋರ್ ಕೆಲಸ ಮಾಡುವಾಗಲೋ ಹೊರಬೀಳುವುದು ಹೆಚ್ಚು. ಸ್ಥಿರತೆ ಪರೀಕ್ಷಿಸುವ ಒಸಿಸಿಟಿ ತಂತ್ರಾಂಶದಲ್ಲಿ ಕೋರ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ.

ಕೂಲರ್ ಕೊಳ್ಳುವ ಮುನ್ನ ಕ್ಯಾಬಿನೆಟ್ಟಿನ ಒಳ ಅಳತೆ ನೋಡಿಕೊಳ್ಳಿ. ಎರಡು ಗೋಪುರಗಳ ಕೂಲರುಗಳು 155ರಿಂದ 165 ಮಿ.ಮೀ. ಎತ್ತರ ಇರುತ್ತವೆ, ಎತ್ತರದ ರ‍್ಯಾಮ್ ಹಾಕಿದರೆ ಮುಂದಿನ ಫ್ಯಾನನ್ನು ಇನ್ನೂ ಮೇಲಕ್ಕೇರಿಸಬೇಕಾಗುತ್ತದೆ. ಮಳೆಗಾಲದ ತೇವದಿಂದ ಲಿಕ್ವಿಡ್ ಕೂಲರ್ ಬೆವರುತ್ತದೆ ಎಂಬ ಭಯ ಕೆಲವರಿಗಿದೆ. ಅದರ ನೀರು ಕೋಣೆಯ ಗಾಳಿಗಿಂತ ತಣ್ಣಗಾಗದ ಕಾರಣ ಹಾಗಾಗುವುದಿಲ್ಲ. ಬೆವರುವುದು ಗಾಳಿಗಿಂತ ತಣ್ಣಗೆ ಮಾಡಬಲ್ಲ ಪೆಲ್ಟಿಯರ್ ಅಥವಾ ಚಿಲ್ಲರ್ ಬಳಸಿದಾಗ, ಅವು ಮುಂಬೈ ಜುಲೈಗೆ ತಕ್ಕವಲ್ಲ. ನಾನು ಏರ್ ಕೂಲರ್ ಎನ್ನುವುದಕ್ಕೆ ಕಾರಣ ಬೇರೆ: ಅದರಲ್ಲಿ ಕೆಡಬಹುದಾದದ್ದು ಫ್ಯಾನ್ ಒಂದೇ, ಅದನ್ನು ಗ್ರಾಂಟ್ ರೋಡ್ ಸ್ಟೇಷನ್ನಿಗೆ ಇಳಿದು ಲ್ಯಾಮಿಂಗ್ಟನ್ ರೋಡಿನಲ್ಲಿ ಅದೇ ದಿನ ಕೊಳ್ಳಬಹುದು. ಪಂಪು ನಿಂತರೆ ಇಡೀ ಲಿಕ್ವಿಡ್ ಕೂಲರನ್ನೇ ವಾರಂಟಿಗೆ ಕಳುಹಿಸಿ ಕಾಯಬೇಕು.

ಎಡಿಟಿಂಗ್ ನಿಮ್ಮ ಹೊಟ್ಟೆಪಾಡಾಗಿದ್ದರೆ ಮಾತ್ರ 14700ಕೆಯ 20 ಕೋರ್‌ಗಳಿಗೂ ವಿಡಿಯೋ ಎನ್‌ಕೋಡ್ ಮಾಡುವ ಅದರ ಕ್ವಿಕ್ ಸಿಂಕ್ ಸೌಲಭ್ಯಕ್ಕೂ ಬೆಲೆಯುಂಟು. ಆಗ 360 ಮಿ.ಮೀ. ಕೂಲರನ್ನೂ ಝಡ್790 ಬೋರ್ಡನ್ನೂ ತೆಗೆದುಕೊಳ್ಳಿ, ಆದರೆ 13 ಮತ್ತು 14ನೇ ಪೀಳಿಗೆಯ ಚಿಪ್ಪುಗಳು ಅತಿ ವೋಲ್ಟೇಜಿನಿಂದ ಅಸ್ಥಿರವಾಗುತ್ತಿದ್ದ ಕಾರಣ 2024ರಲ್ಲಿ ಇಂಟೆಲ್ ತಿದ್ದುಪಡಿಯ ಮೈಕ್ರೋಕೋಡ್ (ಬಯಾಸ್ ಜೊತೆ ಬರುವ, ಚಿಪ್ಪಿನ ಒಳ ಆದೇಶಗಳು) ಬಿಡುಗಡೆ ಮಾಡಬೇಕಾಯಿತು ಎಂಬುದನ್ನು ನೆನಪಿಡಿ. ಬೋರ್ಡ್ ಕೈಗೆ ಬಂದ ಕೂಡಲೇ ಹೊಸ ಬಯಾಸ್ ಹಾಕಿ, ವಿದ್ಯುತ್ ಮಿತಿಯನ್ನು 253ಕ್ಕೆ ನಿಲ್ಲಿಸಿ, ಓವರ್‌ಕ್ಲಾಕಿನ ಯೋಚನೆಯನ್ನು ಬಿಡಿ.