ಕಾಡಿನ ಥೀಮ್, ಬಲೂನ್ ಕಮಾನು
ಮೂರು ವರ್ಷದ ಮಗುವಿನ ಹುಟ್ಟುಹಬ್ಬಕ್ಕೆ ಕಾಡಿನ ಥೀಮ್, ಅಂಗಳದಲ್ಲಿ ಬಲೂನ್ ಕಮಾನು ನಿಲ್ಲುತ್ತಾ ಅಂತ ಕೇಳಿದ್ದೀರಿ. ನಿಲ್ಲುತ್ತೆ, ನೆರಳಲ್ಲಿ ಕಟ್ಟಿ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಒಡೆಯುತ್ತವೆ. ಕಡುಹಸಿರಿನವು ಬೇಗ ಕಾಯುವುದರಿಂದ ಮೊದಲು ಹೋಗೋದು ಅವೇ. 12 ಇಂಚಿನ ಬಲೂನನ್ನು 10 ಇಂಚಿಗೇ ನಿಲ್ಲಿಸಿ. ದುಂಡಗಿರಬೇಕು; ಕತ್ತಿನ ಕಡೆ ಉದ್ದವಾಗಿ ಚೂಪಾದರೆ ಗಾಳಿ ಹೆಚ್ಚಾಗಿದೆ ಅಂತಲೇ ಅರ್ಥ, ಸ್ವಲ್ಪ ಬಿಡಿ. ನಾಲ್ಕು ನಾಲ್ಕರ ಗೊಂಚಲು ಮಾಡಿ ಗಟ್ಟಿ ದಾರಕ್ಕೆ ಸುತ್ತುತ್ತಾ ಹೋಗಿ. ಹಿಂದಿನ ರಾತ್ರಿಯೇ ಮಾಡಿಟ್ಟರೂ ನಡೆಯುತ್ತೆ.

ಒಡೆದ ಚೂರು ಮಕ್ಕಳ ಬಾಯಿಗೆ ಹೋದರೆ ಉಸಿರು ಕಟ್ಟುತ್ತೆ. ಅದನ್ನು ಹೆಕ್ಕೋಕೆ ದಯವಿಟ್ಟು ಒಬ್ಬ ದೊಡ್ಡವರನ್ನು ಅಲ್ಲೇ ನಿಲ್ಲಿಸಿ.

ಆಟಕ್ಕೆ ಕಾಗದದ ಹೆಜ್ಜೆಗುರುತು ಹಿಂಬಾಲಿಸಿ ಪ್ರಾಣಿ ಹುಡುಕೋದು ಸಾಕು. ಔಟಾಗುವ ಆಟ ಬೇಡ, ಈ ವಯಸ್ಸಿನವರು ಅತ್ತುಬಿಡ್ತಾರೆ. ಒಟ್ಟು ಎರಡು ಗಂಟೆ ಮೀರಿಸಬೇಡಿ, ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ ಇಟ್ಟುಕೊಳ್ಳಿ.